ಒಂಬತ್ತನೆಯ ಮೊಟ್ಟೆ

"ದೇವೇಂದ್ರ ಅಂದ್ರೆ ನೀವೇನಾ?"

ಅಂಗಡಿಯೊಳಗೆ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದವನು ತಲೆ ಎತ್ತಿದ. ಮೂವತ್ತರ ಆಸುಪಾಸಿನವನು. ಮೂಗಿನ ತುದಿಗೆ ಗ್ರೀಸ್ ಮೆತ್ತಿಕೊಂಡಿತ್ತು.

"ಹೌದು ಮೇಡಂ. ಏನ್ ರಿಪೇರಿ..."

ಅವನ ಮಾತು ಮುಗಿಯುವ ಮೊದಲೇ ರಂಜಿತ ಕೈಯಲ್ಲಿದ್ದ ಬಕೆಟ್ಟನ್ನು ಅವನ ಮೇಜಿನ ಮೇಲೆ ಬೋರಲು ಹಾಕಿದಳು.

ಮೊಟ್ಟೆಗಳು! ಆಗಲೇ ಒಡೆದಿದ್ದ ಐದೂ ಸೇರಿ ಇಪ್ಪತ್ತು ಮೊಟ್ಟೆಗಳು ಸ್ಕ್ರೂ, ವೈರುಗಳ ನಡುವೆ ಉರುಳಿದವು. ಒಂದೆರಡು ನೆಲಕ್ಕೆ ಬಿದ್ದು ಒಡೆದವು. ಒಡೆದ ಚಿಪ್ಪಿನಿಂದ ಪುಟ್ಟ ಕೊಕ್ಕೊಂದು ಇಣುಕಿತು... ಜೀವವಿಲ್ಲದ ಕೊಕ್ಕು.

"ಇದು ನಿಮ್ಮ ರಿಪೇರಿ!" ಅವಳು ಒಡೆದ ಚಿಪ್ಪಿನತ್ತ ಬೆರಳು ತೋರಿಸಿದಳು. "ನಿಮ್ಮ ತೇವದ ಮೀಟರ್ ನಂಬಿ ಪೆಟ್ಟಿಗೇಲಿ ಕಾವಿಗೆ ಇಟ್ಟಿದ್ದು. ಎಲ್ಲಾ ಬಲಿತ ಮರಿಗಳು. ಒಳಪೊರೆ ಒಣಗಿ, ಮೈಗೆ ಅಂಟ್ಕೊಂಡು, ಉಸಿರು ಕಟ್ಟಿ ಸತ್ತಿವೆ. ಒಳಗೆ ತೇವ ಇರಲೇ ಇಲ್ಲ! ನಿಮ್ಮ ಮೀಟರ್ ಮಾತ್ರ ಅರವತ್ತೆಂಟು, ಅರವತ್ತಾರು ಅಂತ ಸುಳ್ಳು ತೋರಿಸ್ತಾನೇ ಇತ್ತು!"

ದೊಡ್ಡಬೆಳವಂಗಲದ ಬಸ್ ನಿಲ್ದಾಣದಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಅವನು ಜಗಳವಾಡಲಿಲ್ಲ. ಬಿದ್ದ ಮೊಟ್ಟೆಯೊಂದನ್ನು ಎತ್ತಿಕೊಂಡು ಮೆಲ್ಲನೆ ತಿರುಗಿಸಿದ. ಚಿಪ್ಪಿನ ಮೇಲೆ ಪೆನ್ಸಿಲಿನಲ್ಲಿ 'ಅ' ಎಂದು ಬರೆದಿತ್ತು.

"ಇದೇನು ಮೇಡಂ, ಅ?"

"ಅಮ್ಮ!" ರಂಜಿತ ಅವನ ಕೈಯಿಂದ ಮೊಟ್ಟೆ ಕಿತ್ತುಕೊಂಡಳು. "ನಮ್ಮಮ್ಮ ಸಾಕಿದ ಜುಟ್ಟಿನ ಕೋಳಿ ಮೊಟ್ಟೆ. ಒಂಬತ್ತು. ಅಮ್ಮನೂ ಇಲ್ಲ, ಆ ಕೋಳಿನೂ ಇಲ್ಲ. ನಾಯಿ ಹಿಡ್ಕೊಂಡು ಹೋಯ್ತು. ಉಳಿದಿದ್ದು ಈ ಒಂಬತ್ತೇ... ಒಂದೂ ಉಳೀಲಿಲ್ಲ! ಎಲ್ಲಾನೂ ಕೊಂದ್ಬಿಟ್ರಿ."

"ಮೇಡಂ, ಒಂದ್ನಿಮಿಷ. ಆ ಮೀಟರ್ ಕೊಡಿ, ಉಪ್ಪಿನ ಪರೀಕ್ಷೆ ಮಾಡಿ ನೋಡಾಣ..."

"ಉಪ್ಪು ಮುಟ್ಟಿ ಆಣೆ ಬೇರೆ ಮಾಡ್ತೀರಾ? ಬೇಡ. ನೀವು ಇನ್ನು ಯಾರಿಗೂ ಮೀಟರ್ ಮಾರದ ಹಾಗೆ ಮಾಡ್ತೀನಿ. ನೋಡ್ತಾ ಇರಿ!"

ಖಾಲಿ ಬಕೆಟ್ ಹಿಡಿದು ಅವಳು ತನ್ನೂರು ಸಾಸಲಿನ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆ ಕಣ್ಣೀರು ತಡೆಯಲಾಗಲಿಲ್ಲ.

ಅವಳಿಗೆ ಹೆಚ್ಚು ನೋವಾಗಿದ್ದು ಆ ದನಿಯಿಂದ. ಇವತ್ತಿನವರೆಗೂ ಅವಳು ಅವನ ಮುಖ ಕಂಡಿರಲಿಲ್ಲ. ಆದರೆ ಆ ದನಿಯನ್ನು ಇಪ್ಪತ್ತೊಂದು ದಿನ ಕೇಳಿದ್ದಳು. ನಾಟಿ ಕೋಳಿ ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅವನನ್ನು 'ದೇವಣ್ಣ' ಎನ್ನುತ್ತಿದ್ದರು. ಮೊಟ್ಟೆಗೆ ಕಾವು ಕೊಡಲು, ಹೂವು ತುಂಬಿ ಕಳಿಸುವ ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು, ಪುಟ್ಟ ಫ್ಯಾನು ಕೂರಿಸುವುದು ಹೇಗೆ, ಮುಚ್ಚಳಕ್ಕೆ ಗಾಜು ಹಾಕುವುದು ಹೇಗೆ, ಎಲ್ಲವನ್ನೂ ಅವನು ದನಿ ಮೆಸೇಜ್ ಕಳಿಸಿಯೇ ಹೇಳಿಕೊಟ್ಟಿದ್ದ. ಶಾಖದ ಸ್ವಿಚ್ಚು ಮತ್ತು ತೇವ ಅಳೆಯುವ ಮೀಟರನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ್ದ. ಪೆಟ್ಟಿಗೆಯನ್ನು ಅವಳೇ ಮಾಡಿಕೊಂಡಿದ್ದಳು.

'ಹದಿನೆಂಟು ದಿನ ತೇವ ನಲವತ್ತೈದರಿಂದ ಐವತ್ತು. ಕೊನೇ ಮೂರು ದಿನ ಅರವತ್ತೈದರ ಮೇಲೆ. ಹೆದರ್ಕೋಬೇಡಿ ಮೇಡಂ, ಮರಿ ಬಂದೇ ಬರುತ್ತೆ.'

ಆ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳು! ಅಮ್ಮ ಅನುಸೂಯಮ್ಮ ತೀರಿಕೊಂಡ ಮೇಲೆ ಯಾರೂ ಅವಳಿಗೆ 'ಹೆದರ್ಕೋಬೇಡ' ಅಂದಿರಲಿಲ್ಲ.

ಅದನ್ನೇ ನಂಬಿದೆನಲ್ಲಾ... ಥೂ!

ರಂಜಿತ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ವಿಭಾಗದವಳು. ಬೇರೆಯವರ ಹೊಲಿಗೆಯಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಮನೆಯಲ್ಲೂ ಅದೇ ಅಭ್ಯಾಸ. ದಿನಕ್ಕೆ ಐದು ಸಲ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮೂವತ್ತೊಂದು ಮೊಟ್ಟೆ ಇಟ್ಟಿದ್ದಳು. ಮರಿಯಾಗುವ ದಿನ ರಜೆ ಸಿಗಲಿಲ್ಲ. ಬೆಳಿಗ್ಗೆ ಹೊರಡುವಾಗ ಅರವತ್ತೆಂಟು, ಸಂಜೆ ಬಂದಾಗ ಅರವತ್ತಾರು. ಆದರೂ ಬದುಕಿದ್ದು ಹನ್ನೊಂದೇ ಮರಿ. ಮಿಕ್ಕವುಗಳಲ್ಲಿ ಐದನ್ನು ಒಡೆದು ನೋಡಿದಳು. ಐದರ ಮೇಲೂ 'ಅ'! ಆರನೆಯದನ್ನು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದವಳೇ ಗುಂಪಿಗೆ ದನಿ ಕಳಿಸಿದಳು.

"ದೇವೇಂದ್ರ ಅವರ ಮೀಟರ್ ಸುಳ್ಳು ಹೇಳುತ್ತೆ. ನನ್ನ ಇಪ್ಪತ್ತು ಮರಿ ಸತ್ತಿವೆ. ತಗೊಂಡಿರೋರು ವಾಪಸ್ ಕೊಡಿ. ನಿಮ್ಮ ಮೊಟ್ಟೆನಾದ್ರೂ ಉಳಿಸ್ಕೊಳ್ಳಿ!"

ಜೊತೆಗೆ ಸತ್ತ ಮರಿಗಳ ಫೋಟೋ.

ಒಂದೇ ವಾರ! ಹೊಸದಾಗಿ ಕೇಳಿದ್ದವರೆಲ್ಲ ಬೇಡ ಅಂದರು. ತೆಗೆದುಕೊಂಡವರು ಹಿಂದಿರುಗಿಸಿದರು. ದೇವಣ್ಣ ದೇವಣ್ಣ ಎನ್ನುತ್ತಿದ್ದವರೇ ಅವನನ್ನು ಆಡಿಕೊಂಡರು. ಅವನು ಮಾತ್ರ ಒಂದು ಮಾತೂ ತಿರುಗಿಸಿ ಆಡಲಿಲ್ಲ.

'ಇನ್ನೂ ಆಗಲಿ. ನನ್ನ ಹೊಟ್ಟೆ ಎಷ್ಟು ಉರಿದಿದೆಯೋ ಅಷ್ಟೂ ಆಗಲಿ' ಎಂದುಕೊಂಡಳು ರಂಜಿತ. ಒಂದೊಂದು ಮೆಸೇಜನ್ನೂ ಎರಡೆರಡು ಸಲ ಓದಿದಳು. ಆದರೂ ಎಲ್ಲೋ ಒಂದು ಮುಳ್ಳು... ನಾನು ಸರಿಯಾಗಿಯೇ ನೋಡಿದೆನಾ? ಎದ್ದು ಮತ್ತೆ ನೋಟ್‌ಬುಕ್ ತೆರೆಯುತ್ತಿದ್ದಳು. ಅರವತ್ತೆಂಟು, ಅರವತ್ತಾರು. ಹೌದು, ಸುಳ್ಳು ಮೀಟರೇ!

ಹತ್ತನೆಯ ದಿನ ಬೆಳಿಗ್ಗೆ ಅವಳು ಹಾಲು ಹಾಕಲು ಡೈರಿಗೆ ಹೋದಾಗ ಅಲ್ಲಿ ಬೈಕೊಂದು ನಿಂತಿತ್ತು. ದೇವೇಂದ್ರ! ಕೈಯಲ್ಲಿ ಹುಲ್ಲು ಹಾಸಿದ ಬುಟ್ಟಿ.

"ಮೂವತ್ತೊಂದು ಮೊಟ್ಟೆ. ನಮ್ಮನೇವು," ಅಂದ ಎಲ್ಲರಿಗೂ ಕೇಳುವಂತೆ. "ಅದೇ ಪೆಟ್ಟಿಗೆ, ಅದೇ ಮೀಟರ್, ಅವರ ಮನೇಲೇ ಇಡ್ಲಿ. ಇಪ್ಪತ್ತೊಂದು ದಿನ. ಕೆಟ್ರೆ ಇಲ್ಲೇ ನಿಂತು ತಪ್ಪು ಒಪ್ಕೊಂಡು ಅಂಗಡಿ ಬಾಗಿಲು ಹಾಕ್ತೀನಿ. ದಿನಾ ಬೆಳಿಗ್ಗೆ ಬಂದು ನೋಡ್ಕೊಂಡು ಹೋಗೋಕೆ ಮಾತ್ರ ಬಿಡ್ಬೇಕು."

ಡೈರಿಯ ಕಾರ್ಯದರ್ಶಿ ಸಂಜೀವಪ್ಪ ಹಾಲಿನ ಅಳತೆ ನಿಲ್ಲಿಸಿ ನಕ್ಕರು. "ಏನಮ್ಮಾ ರಂಜಿತ, ಧೈರ್ಯ ಐತಾ? ಇಲ್ಲಾ, ಮೆಸೇಜ್ ಹಾಕೋಕೆ ಮಾತ್ರನಾ?"

"ಐತೆ! ಇಡ್ತೀನಿ," ಅಂದಳು ರಂಜಿತ.

ಇಲ್ಲಿಯವರೆಗೆ ಅವನ ಗಿರಾಕಿಗಳನ್ನು ತಪ್ಪಿಸಿದ್ದಳು ಅಷ್ಟೇ. ಇನ್ನು ಅವನ ಬಾಯಿಂದಲೇ ತಪ್ಪು ಒಪ್ಪಿಸಬಹುದು. ಇದಕ್ಕಿಂತ ದೊಡ್ಡ ಸೇಡು ಏನಿದೆ?

ಮೊದಲ ದಿನವೇ ಅವನು ಉಪ್ಪಿನಕಾಯಿಯ ಗಾಜಿನ ಬಾಟಲಿ ತಂದ. ಮುಚ್ಚಳವೊಂದರಲ್ಲಿ ಉಪ್ಪು ಹಾಕಿ, ಕೆಸರಿನಂತಾಗುವಷ್ಟು ನೀರು ಬೆರೆಸಿ, ಮೀಟರ್ ಜೊತೆ ಬಾಟಲಿಯೊಳಗಿಟ್ಟು ಬಿಗಿಯಾಗಿ ಮುಚ್ಚಿದ. ಮಾರನೆಯ ದಿನ ಬಂದು ತೋರಿಸಿದ. ಎಪ್ಪತ್ನಾಲ್ಕು.

"ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ರೆ ಎಪ್ಪತ್ತೈದು ಬರಬೇಕು. ಒಂದೇ ವ್ಯತ್ಯಾಸ ಮೇಡಂ. ಮೀಟರ್ ಸರಿಯಿದೆ."

"ಉಪ್ಪೂ ನಿಮ್ದೇ, ಬಾಟಲಿನೂ ನಿಮ್ದೇ. ಎಷ್ಟು ಬೇಕೋ ಅಷ್ಟು ಬರುತ್ತೆ ಬಿಡಿ!"

ಅವನು ನಕ್ಕುಬಿಟ್ಟ. ಆ ನಗು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಜೊತೆಗೆ ಭಯವೂ... ಮೀಟರ್ ಸರಿ ಇದ್ದರೆ, ಮರಿಗಳು ಒಣಗಿದ್ದು ಹೇಗೆ? ಆ ಯೋಚನೆಯನ್ನು ಅವಳು ಮುಂದುವರಿಸಲಿಲ್ಲ.

ಹೊರಗೆ ಅಜ್ಜಿ ಅಕ್ಕಯಮ್ಮ ಅವನಿಗೆ ಕಾಫಿ ಕೊಡುತ್ತಿದ್ದರು. ಅಮ್ಮನ ಅಮ್ಮ. ಮಗಳು ಹೋದ ಮೇಲೆ ಈ ಮೊಮ್ಮಗಳೇ ಅವರ ಜೀವ. ದೇವೇಂದ್ರ ತಗ್ಗಿದ ದನಿಯಲ್ಲಿ ಅಜ್ಜಿಯನ್ನು ಏನೋ ಕೇಳಿದ. ಅಜ್ಜಿ ನಗುತ್ತಾ ಕೈಯಾಡಿಸಿ ಏನೋ ವಿವರಿಸಿದರು. ಅವನ ಮುಖ ಥಟ್ಟನೆ ಬಾಡಿತು.

"ಏನು ಕೇಳ್ತಿದ್ರಿ ನಮ್ಮಜ್ಜಿನ?"

"ಏನಿಲ್ಲ ಮೇಡಂ. ಕಾಫಿ ಪುಡಿ ಯಾವ ಅಂಗಡೀದು ಅಂತ."

ಸುಳ್ಳ!

ಅಂದಿನಿಂದ ದಿನಾ ಬರತೊಡಗಿದ. ಮೊದಲು ನೀರಿನ ಬಟ್ಟಲು ನೋಡುವನು. ಆಮೇಲೆ ಅಂಗಳದಲ್ಲಿ ಬುಟ್ಟಿ ಕವುಚಿದ್ದ ಕಡೆ ಹೋಗಿ, ಮೊದಲ ಸಲ ಬದುಕಿದ್ದ ಹನ್ನೊಂದು ಮರಿಗಳನ್ನು ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ನೋಡುವನು. ರಂಜಿತ ಆ ಮರಿಗಳ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಅಮ್ಮನ ಕೋಳಿಯವು ಸತ್ತು, ಇವು ಬದುಕಿದವಲ್ಲಾ ಎಂಬ ಸಂಕಟ. ನುಚ್ಚು ಹಾಕುವುದೆಲ್ಲ ಅಜ್ಜಿಯೇ.

"ಅವನ್ನೇನು ನೋಡ್ತೀರಿ ದಿನಾ? ಸತ್ತಿದ್ದು ಸಾಲಲಿಲ್ವಾ?"

"ಬೆಳೀತಾ ಇವೆಯಾ ಅಂತ ಮೇಡಂ," ಅಂದ ಅಷ್ಟೇ.

ಹದಿನಾಲ್ಕನೆಯ ದಿನ ಮೊಟ್ಟೆಗಳಿಗೆ ಟಾರ್ಚ್ ಹಿಡಿದು ನೋಡಬೇಕಿತ್ತು. ಕಿಟಕಿಯಿಲ್ಲದ ಉಗ್ರಾಣದಲ್ಲಿ ಇಬ್ಬರೂ ಕುಳಿತರು. ಅವನು ಮೊಬೈಲ್ ಬೆಳಕಿನ ಮೇಲೆ ಮೊಟ್ಟೆ ಇಟ್ಟ. ಕೆಂಪು ಬೆಳಕಿನಲ್ಲಿ ಕಪ್ಪು ನೆರಳೊಂದು ಕುಪ್ಪಳಿಸಿತು!

"ಅಯ್ಯೋ... ಅಲ್ಲಾಡ್ತು!" ಅವಳಿಗರಿವಿಲ್ಲದೆ ಅವನ ಮಣಿಕಟ್ಟು ಹಿಡಿದಿದ್ದಳು.

"ಮೇಲ್ಗಡೆ ಖಾಲಿ ಜಾಗ ಕಾಣ್ತಿದೆಯಲ್ಲ, ಅದು ಮರಿ ಉಸಿರಾಡೋ ಗಾಳಿಗೂಡು," ಅವನ ದನಿ ಮೆಲುವಾಗಿತ್ತು. ಅದೇ ದನಿ. "ತೇವ ಜಾಸ್ತಿ ಆದ್ರೆ ಆ ಜಾಗ ಬೆಳೆಯಲ್ಲ, ಮರಿ ಮುಳುಗಿದ ಹಾಗೆ. ಕಮ್ಮಿ ಆದ್ರೆ ಒಣಗುತ್ತೆ. ಹದ ಸಿಗೋದು ಕಷ್ಟ ಮೇಡಂ. ಸಿಕ್ಕಿದ್ ಮೇಲೆ ಕೆಡಿಸ್ಬಾರ್ದು, ಅಷ್ಟೇ."

ಅವಳು ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಛೇ! ಇವನು ಅಮ್ಮನ ಕೊನೆಯ ಗುರುತು ಅಳಿಸಿದವನು. ಇವನ ದನಿಗೆ ನನ್ನೆದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ನನ್ನಂಥ ನಾಚಿಕೆಗೆಟ್ಟವಳು ಇದ್ದಾಳಾ?

ಅವನು ಹೋದ ಮೇಲೆ ಅಜ್ಜಿ ಕೇಳಿದರು. "ಎಲ್ರೂ ದೇವಣ್ಣ ಅಂತಾರೆ. ನೀನ್ಯಾಕವ್ವ ಅಣ್ಣ ಅನ್ನಲ್ಲ?"

"ಅವರು ನಮಗೇನೂ ಆಗ್ಬೇಕಿಲ್ಲ ಅಜ್ಜಿ!"

"ಅದೇ ನಾನೂ ನೋಡ್ತಾ ಇವ್ನಿ," ಎಂದು ಅಜ್ಜಿ ಬೊಚ್ಚುಬಾಯಲ್ಲಿ ನಕ್ಕರು.

ಹದಿನೆಂಟನೆಯ ದಿನ ಅವನು ಚಿಕ್ಕ ಬಟ್ಟಲು ತೆಗೆದು ಅಗಲವಾದ ತಟ್ಟೆ ಇಟ್ಟ. ಅದರಲ್ಲಿ ಒದ್ದೆ ಸ್ಪಂಜು. ಮುಚ್ಚಳದ ಸುತ್ತ ಕೆಂಪು ಟೇಪು ಸುತ್ತಿದ.

"ಇನ್ನು ಮೂರು ದಿನ ಮುಚ್ಚಳ ತೆಗೀಬಾರ್ದು. ನೀರು ಕಮ್ಮಿಯಾದ್ರೆ ಈ ತೂತಿಂದ ಪೈಪಲ್ಲಿ ಬಿಡಿ. ಅಜ್ಜೀ, ಮರಿ ಬಂದ್ರೂ ಅಲ್ಲೇ ಇರ್ಲಿ. ಎಲ್ಲಾ ಒಣಗಿದ್ ಮೇಲೆ ನಾನೇ ಬಂದು ಒಟ್ಟಿಗೆ ತೆಗಿತೀನಿ."

"ಆಗ್ಲಪ್ಪಾ, ನೀನು ಹೇಳ್ದಂಗೆ."

ಇಪ್ಪತ್ತೊಂದನೆಯ ದಿನ ಭಾನುವಾರ. ಬೆಳಗಿನ ಬಿಸಿಲು ಏರುತ್ತಿತ್ತು. ಅಜ್ಜಿ ದನದ ಕೊಟ್ಟಿಗೆಯಲ್ಲಿದ್ದರು. ರಂಜಿತ ಪೆಟ್ಟಿಗೆಯ ಮುಂದೆ ಒಬ್ಬಳೇ ಕೂತಳು. ಗಾಜಿನೊಳಗೆ ನಾಲ್ಕು ಮೊಟ್ಟೆ ಬಿರುಕು ಬಿಟ್ಟಿದ್ದವು. ಮೀಟರ್ ಅರವತ್ತೊಂಬತ್ತು.

ಎಲ್ಲವೂ ಸರಿಯಾಗಿತ್ತು. ಅದೇ ಅವಳಿಗೆ ಸಹಿಸಲಾಗಲಿಲ್ಲ.

ಮರಿ ಬರುತ್ತವೆ. ಅವನು ಗೆಲ್ಲುತ್ತಾನೆ. ಡೈರಿಯ ಮುಂದೆ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ. ಅವನ ಮನೆಯ ಮೊಟ್ಟೆ ಬದುಕುತ್ತವೆ... ಅಮ್ಮನ ಒಂಬತ್ತು ಮಾತ್ರ ತಿಪ್ಪೆ ಸೇರಿದವು. ಅದು ಹೇಗೆ ನ್ಯಾಯ?

ಅವಳ ಉಗುರು ಕೆಂಪು ಟೇಪಿನ ತುದಿ ಹುಡುಕಿತು.

ಎಳೆದಳು. ಸರ್ರನೆ ಬಂತು!

ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿದಳು. ಬಿಸಿ ಉಸಿರಿನಂಥ ಹಬೆ ಮುಖಕ್ಕೆ ಬಡಿದು ಹೊರಟುಹೋಯಿತು. ಅರವತ್ತೊಂಬತ್ತು... ಅರವತ್ತು... ನಲವತ್ತೆಂಟು. ಬೇಸಿಗೆಯ ಒಣಗಾಳಿಗೆ ಮೀಟರ್ ಕಣ್ಣೆದುರಿಗೇ ಇಳಿಯಿತು.

ಅಂದರೆ... ಇದು ಸರಿಯಾಗಿಯೇ ತೋರಿಸುತ್ತದೆ?

ಅಷ್ಟರಲ್ಲಿ ಚಿಪ್ಪಿನೊಳಗಿಂದ ಒಂದು ದನಿ.

ಚಿಂವ್...

ಬಿರುಕಿನೊಳಗೆ ಪುಟ್ಟ ಕೊಕ್ಕು ಬಾಯಿ ತೆರೆದು ಮತ್ತೆ ಕೂಗಿತು. ಚಿಂವ್! ಚಿಂವ್!

"ಅಯ್ಯೋ, ತೆಗೆದ್ಬಿಟ್ಯಾ? ಆ ಹುಡ್ಗ ಬೇಡ ಅಂದಿದ್ನಲ್ಲವ್ವಾ!" ಹಿಂದೆ ಅಜ್ಜಿ ನಿಂತಿದ್ದರು. "ಹೋಗ್ಲಿ, ಬಂದಿರೋ ಮರಿ ಐತಾ? ಕೊಡಿಲ್ಲಿ, ಪುಟ್ಟಿಗೆ ಹಾಕಾನ. ಹೋದ್ಸಲ ನಾನೂ ಹಿಂಗೇ ಒಂದೊಂದೇ ತೆಗ್ದೆ."

ರಂಜಿತ ಥಟ್ಟನೆ ಅಜ್ಜಿಯ ಕಡೆ ತಿರುಗಿದಳು.

"ಒಂದೊಂದೇ... ಅಂದ್ರೆ?"

"ಅದೇ ಕಣವ್ವ, ಕೋಳಿ ಕೆಳಗಿಂದ ತೆಗಿಯಲ್ವಾ? ಒಡೆದ ಮರೀನ ಅಲ್ಲೇ ಬಿಟ್ರೆ ತಾಯಿ ಅದರ ಹಿಂದೆ ಎದ್ದೋಯ್ತದೆ, ಮಿಕ್ಕ ಮೊಟ್ಟೆ ತಣ್ಣಗಾಗ್ತವೆ. ಅದಕ್ಕೇ ಒಂದು ಬಂದಂಗೆ ಮುಚ್ಚಳ ತೆಗ್ದೆ, ಒರೆಸಿ ಪುಟ್ಟಿಗೆ ಹಾಕ್ದೆ. ಹನ್ನೊಂದು ಸಲ! ನಿಮ್ಮಮ್ಮಂಗೆ ನಾನೇ ಕಲಿಸಿದ್ದು ಇದು."

ಪೆಟ್ಟಿಗೆಗೆ ಎದ್ದು ಹೋಗುವ ತಾಯಿ ಇರಲಿಲ್ಲ. ಇದ್ದದ್ದು ತೇವ ಮಾತ್ರ. ಅದು ಹನ್ನೊಂದು ಸಲ ಎದ್ದು ಹೋಗಿತ್ತು. ಸಂಜೆ ಅವಳು ಮನೆಗೆ ಬರುವ ಹೊತ್ತಿಗೆ ಮತ್ತೆ ಬಂದು ಅರವತ್ತಾರಕ್ಕೆ ನಿಂತಿತ್ತು.

ಅವನಲ್ಲ... ಅವನು ಅಲ್ಲವೇ ಅಲ್ಲ!

ಅಜ್ಜಿ ಪ್ರೀತಿಯಿಂದ, ಗೊತ್ತಿಲ್ಲದೆ ಮಾಡಿದ್ದನ್ನು ತಾನು ಗೊತ್ತಿದ್ದೂ, ಸೇಡಿಗಾಗಿ ಮಾಡುತ್ತಿದ್ದೇನೆ. ಅವಳು ಮುಚ್ಚಳ ಒತ್ತಿ ಮುಚ್ಚಿದಳು. ಮತ್ತೆ ಟೇಪು ಸುತ್ತಿದಳು. ಓಡಿ ಹೋಗಿ ಬೆಚ್ಚಗಿನ ನೀರು ತಂದು ಪೈಪಿನಲ್ಲಿ ಬಿಟ್ಟಳು. ಐವತ್ತೊಂದು... ಐವತ್ತಾರು...

"ಏರು... ಏರು..." ಪೆಟ್ಟಿಗೆಯನ್ನು ತಬ್ಬಿಕೊಂಡು ಬೇಡಿದಳು.

ದೇವೇಂದ್ರ ಬೈಕ್ ನಿಲ್ಲಿಸಿ ಒಳಗೆ ಬಂದಾಗಲೂ ಅವಳು ಹಾಗೆಯೇ ಕೂತಿದ್ದಳು. ಸುಕ್ಕಾದ ಟೇಪನ್ನು ಅವನು ನೋಡಿದ.

"ನಾನು ತೆಗೆದೆ," ಅಂದಳು ರಂಜಿತ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಮರೆತು ಅಲ್ಲ. ಬೇಕು ಅಂತಲೇ. ನೀವು ಸೋಲಲಿ ಅಂತ."

ಅವನ ಮುಖದ ಬಣ್ಣ ಇಳಿಯಿತು. ಬಗ್ಗಿ ಮೀಟರ್ ನೋಡಿದ. ಅರವತ್ಮೂರು.

"ಮತ್ತೆ ಮುಚ್ಚಿದ್ಯಾಕೆ?"

"ಕೂಗ್ತು..." ಅವಳು ಬಿಕ್ಕಿದಳು.

ಅವನು ಗೋಡೆಗೊರಗಿ ಅವಳಿಂದ ಸ್ವಲ್ಪ ದೂರದಲ್ಲಿ ಕೂತ. ಮಧ್ಯಾಹ್ನದವರೆಗೂ ಕೂತೇ ಇದ್ದ. ಒಂದು ಚಿಪ್ಪು ಬಿರಿಯಿತು. ಎರಡು. ಐದು. ಸಂಜೆಯ ಹೊತ್ತಿಗೆ ಗಾಜಿನೊಳಗೆಲ್ಲ ಹಳದಿ, ಕಪ್ಪು, ಕಂದು ಮರಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ಇಪ್ಪತ್ತೇಳು!

"ಮಿಕ್ಕ ನಾಲ್ಕು... ನಾನು ತೆಗೆದಿದ್ದಕ್ಕಾ?"

"ಗೊತ್ತಿಲ್ಲ," ಅಂದ ಅವನು. ಸಮಾಧಾನಕ್ಕೂ ಸುಳ್ಳು ಹೇಳಲಿಲ್ಲ.

ಆ ಸಂಜೆ ಡೈರಿಯ ಮುಂದೆ ಹಾಲು ಹಾಕಲು ಬಂದವರೆಲ್ಲ ಸೇರಿದ್ದರು. ಸಂಜೀವಪ್ಪ ಬಾಯಿ ತೆರೆಯುವ ಮೊದಲೇ ರಂಜಿತ ಮುಂದೆ ಬಂದು, ಗುಂಪಿಗೂ ಹೋಗಲಿ ಎಂದು ಮೊಬೈಲ್ ಹಿಡಿದು ಮಾತಾಡಿದಳು.

"ಇವರ ಮೀಟರ್ ಸರಿಯಿದೆ. ಹೋದ ಸಲ ಮರಿ ಒಡೆಯೋ ಹೊತ್ತಲ್ಲಿ ಮುಚ್ಚಳ ತೆಗೆದಿದ್ದು ನಮ್ಮನೇಲೇ. ತಪ್ಪು ನಂದು. ನೋಡದೆ, ವಿಚಾರಿಸದೆ ಇವರ ಹೆಸರು ಕೆಡಿಸಿದೆ. ಎಲ್ಲರ ಮುಂದೆ ಕ್ಷಮೆ ಕೇಳ್ತಿದ್ದೀನಿ."

"ಏನಪ್ಪಾ ದೇವಣ್ಣ, ಮಾಫಿ ಕೊಡ್ತೀಯಾ?" ಅಂದರು ಸಂಜೀವಪ್ಪ.

"ಮೊದ್ಲು ಹಾಲು ಅಳೀರಿ ಯಜಮಾನ್ರೇ, ಒಡೆದೋಗ್ತದೆ!" ಎಂದ. ಎಲ್ಲರೂ ನಕ್ಕರು. ಅವಳ ಭಾರ ಅರ್ಧ ಇಳಿಯಿತು.

ಇಬ್ಬರೂ ಮನೆಯ ಕಡೆ ನಡೆದರು.

"ಮುಚ್ಚಳ ತೆಗೆದಿದ್ದು ಅಜ್ಜಿ ಅಂತ ಹೇಳಲಿಲ್ಲ ನೀವು," ಅಂದ ಅವನು ಮೆಲ್ಲನೆ.

ರಂಜಿತ ನಿಂತುಬಿಟ್ಟಳು. "ನಿಮಗೆ... ಗೊತ್ತಿತ್ತಾ?"

"ಅವತ್ತು ಕಾಫಿ ಕುಡಿಯೋವಾಗ ಕೇಳ್ದೆ. ಅಜ್ಜಿ ಖುಷಿಯಿಂದ ಹೇಳಿದ್ರು."

"ಮತ್ತೆ ಯಾಕೆ ಹೇಳಲಿಲ್ಲ? ಊರೆಲ್ಲ ಅಂದಿದ್ದನ್ನ ಯಾಕೆ ಅನ್ನಿಸ್ಕೊಂಡ್ರಿ?"

"ನಂಗಾದ್ರೆ ಅಂಗಡಿ ಹೋಗ್ತಿತ್ತು, ಅಷ್ಟೇ. ಆ ಮುದುಕಿಗೆ... ಮಗಳ ಕೋಳಿ ಮರಿಗಳನ್ನ ತನ್ನ ಕೈಯಾರೆ ಕೊಂದೆ ಅಂತ ಗೊತ್ತಾದ್ರೆ?" ಅವನು ತಲೆ ತಗ್ಗಿಸಿದ. "ಆಮೇಲೆ ನೀವು ಅಷ್ಟು ಸಿಟ್ಟಲ್ಲಿದ್ರಿ. ಆ ಸಿಟ್ಟು ಅಜ್ಜಿ ಮೇಲೆ ತಿರುಗೋದು ಬೇಡ ಅನ್ನಿಸ್ತು. ಮನೇಲಿರೋದೇ ಇಬ್ರು."

ಈ ಮನುಷ್ಯನನ್ನು ನಾನು ಏನೇನೆಂದೆ!

"ಇನ್ನೊಂದಿದೆ. ಬನ್ನಿ."

ಅಂಗಳದಲ್ಲಿ ಅವನು ಕವುಚಿದ್ದ ಬುಟ್ಟಿ ಎತ್ತಿದ. ತಿಂಗಳ ಮರಿಗಳು ಚೆದುರಿದವು. ಅವುಗಳಲ್ಲಿ ಕಂದು ಬಣ್ಣದ ಒಂದನ್ನು ಹಿಡಿದು ಅವಳ ಮುಂದೆ ಚಾಚಿದ.

"ಅವತ್ತು ನೀವು ಬಕೆಟ್ ಸುರಿದು ಹೋದ ಮೇಲೆ ಮಿಕ್ಕಿದ್ದನ್ನೂ ಒಡೆದು ಇಪ್ಪತ್ತನ್ನೂ ನೋಡಿದೆ. 'ಅ' ಅಂತ ಬರೆದಿದ್ದು ಎಷ್ಟಿದ್ವು ಗೊತ್ತಾ? ಎಂಟು."

"ಎಂಟಾ?"

"ಎಂಟೇ. ಒಂಬತ್ತನೇದು ಈ ಹನ್ನೊಂದು ಮರೀಲಿ ಇರ್ಬೇಕು ಅನ್ನಿಸ್ತು. ಆದ್ರೆ ಗುರುತು ಅಳಿಸಿ ಹೋಗಿದ್ರೆ ಅಂತ ಭಯ. ಇಲ್ಲದ ಆಸೆ ಹುಟ್ಟಿಸೋದು ಬೇಡ, ಜುಟ್ಟು ಬಂದ್ರೆ ಹೇಳಾಣ ಅಂತ ದಿನಾ ಬಂದು ನೋಡ್ತಿದ್ದೆ. ಮೊನ್ನೆಯಿಂದ ಎದ್ದಿದೆ ನೋಡಿ."

ಮರಿಯ ನೆತ್ತಿಯ ಮೇಲೆ ನಾಲ್ಕು ಪುಕ್ಕ ನೆಟ್ಟಗೆ ನಿಂತಿದ್ದವು. ಅಮ್ಮ ಬಾಚಿ ತೀಡುತ್ತಿದ್ದ ಅದೇ ಜುಟ್ಟು!

ದಿನಕ್ಕೆ ಸಾವಿರ ಅಂಗಿಯ ಗುಂಡಿ ಎಣಿಸುವವಳು ಒಂಬತ್ತು ಮೊಟ್ಟೆ ಎಣಿಸಿರಲಿಲ್ಲ. ಸೇಡಿನ ಉರಿಯಲ್ಲಿ ತಿಂಗಳಿಡೀ ಅಂಗಳದಲ್ಲಿದ್ದ ಅಮ್ಮನ ಕೋಳಿಯ ಮರಿಯನ್ನು ಕಣ್ಣೆತ್ತಿ ನೋಡಿರಲಿಲ್ಲ. ರಂಜಿತ ಮರಿಯನ್ನು ಎದೆಗೊತ್ತಿಕೊಂಡು ಜೋರಾಗಿ ಅತ್ತಳು.

ಅವನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾದ.

"ನಾಳೆಯಿಂದ ಬರಲ್ಲ ಅಲ್ವಾ ನೀವು?" ಕಣ್ಣೊರೆಸಿಕೊಂಡು ಕೇಳಿದಳು.

"ಮರಿ ಬಂದಾಯ್ತಲ್ಲ ಮೇಡಂ. ಇನ್ನೇನ್ ಕೆಲಸ?"

"ಮೇಡಂ ಅನ್ಬೇಡಿ."

"ನೀವು ನನ್ನ ಏನಂತೀರಿ? ಎಲ್ರಂಗೆ ದೇವಣ್ಣ ಅಂತ ಒಂದು ಸಲನೂ ಅಂದಿಲ್ಲ."

ರಂಜಿತಳ ಕೆನ್ನೆ ಕೆಂಪಾಯಿತು. "ಅನ್ನಲ್ಲ. ಯಾವತ್ತೂ ಅನ್ನಲ್ಲ... ಅಷ್ಟೂ ಅರ್ಥ ಆಗಲ್ವಾ ನಿಮಗೆ?"

ಅವನಿಗೆ ಅರ್ಥವಾಯಿತು. ಮೂಗಿನ ತುದಿಯವರೆಗೂ ಕೆಂಪೇರಿತು. ಜುಟ್ಟಿನ ಮರಿಯ ಬೆನ್ನಿನ ಮೇಲಿದ್ದ ಅವಳ ಕೈ ಮೇಲೆ ಮೆಲ್ಲನೆ ಕೈಯಿಟ್ಟ. ಈ ಸಲ ಅವಳು ಹಿಂದಕ್ಕೆಳೆದುಕೊಳ್ಳಲಿಲ್ಲ.

"ಮೊದಲ ದಿನದಿಂದಲೂ ನಿಮ್ಮ ದನಿ ಉಳಿಸ್ಕೊಂಡಿದೀನಿ ಫೋನಲ್ಲಿ," ಅಂದ. "'ದೇವೇಂದ್ರ ಅವ್ರೇ, ಈಗ ನಲವತ್ತಾರು ತೋರಿಸ್ತಿದೆ, ಭಯ ಆಗ್ತಿದೆ' ಅಂತ ಕೇಳಿದ್ರಲ್ಲ... ಅದು."

"ಈಗಲೂ ಭಯ ಆಗ್ತಿದೆ."

"ಹೆದರ್ಕೋಬೇಡ ರಂಜಿತ," ಅಂದ ಅವನು. "ನಾಳೆನೂ ಬರ್ತೀನಿ."